ವಚನ ಹೆಕ್ಕುವುದಲ್ಲ, ಪುಸ್ತಕ ಓದುವುದು: ಸತ್ಯವೇದದ ದಿನದ ಅಭ್ಯಾಸದ ಬಗ್ಗೆ

ಸಂಪಾದಕರಿಗೆ,

ಮಾನ್ಯರೇ,

ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿಯುವಾಗ ನಮ್ಮ ಅನೇಕ ಕ್ರೈಸ್ತ ಸಭೆಗಳಲ್ಲಿ ಒಂದು ತಟ್ಟೆ ಸುತ್ತು ಬರುತ್ತದೆ. ಅದರ ತುಂಬ ವಾಗ್ದಾನದ ಕಾರ್ಡುಗಳು, ಒಂದೊಂದರಲ್ಲೂ ಸತ್ಯವೇದದ, ಅಂದರೆ ಬೈಬಲಿನ, ಒಂದು ವಚನ. ಒಬ್ಬೊಬ್ಬರೂ ಒಂದೊಂದು ಎತ್ತಿಕೊಳ್ಳುತ್ತಾರೆ, ಅದು ಮನೆಗೆ ಬಂದು ಬೀರುವಿನ ಬಾಗಿಲಿಗೆ ಅಂಟಿಕೊಳ್ಳುತ್ತದೆ. ಅದೇ ವಾರ ಎಷ್ಟೋ ಮಂದಿ ಈ ವರ್ಷ ಸತ್ಯವೇದವನ್ನು ಮೊದಲಿಂದ ಕೊನೆಯವರೆಗೆ ಓದಿಯೇ ತೀರುತ್ತೇನೆ ಎಂದು ನಿಶ್ಚಯಿಸುತ್ತಾರೆ. ಕಾರ್ಡು ವರ್ಷವಿಡೀ ಉಳಿಯುತ್ತದೆ. ಓದು ಮಾತ್ರ ಶಿವರಾತ್ರಿಯ ಹೊತ್ತಿಗೆ ನಿಂತಿರುತ್ತದೆ. ಇದಕ್ಕೆ ಭಕ್ತಿ ಕಡಿಮೆಯಾದದ್ದು ಕಾರಣವಲ್ಲ. ಓದಲು ಹಿಡಿದ ಅಳತೆಯೂ ಕ್ರಮವೂ ತಪ್ಪು. ಆ ತಪ್ಪು ಎಲ್ಲಿದೆ, ಸರಿಪಡಿಸುವುದು ಹೇಗೆ ಎಂದು ಬಿಡಿಸಿ ಹೇಳಲು ಈ ಪತ್ರ.

ಮೊದಲು ಲೆಕ್ಕ ನೋಡೋಣ. ಪ್ರೊಟೆಸ್ಟೆಂಟ್ ಸಭೆಗಳ ಸತ್ಯವೇದದಲ್ಲಿ 66 ಪುಸ್ತಕ, 1189 ಅಧ್ಯಾಯ: ಹಳೆಯ ಒಡಂಬಡಿಕೆಯಲ್ಲಿ 929, ಹೊಸದರಲ್ಲಿ 260. (ಕಥೋಲಿಕರ ಬೈಬಲಿನಲ್ಲಿ ಪುಸ್ತಕಗಳು 73.) ದಿನಕ್ಕೆ ಮೂರು ಅಧ್ಯಾಯ, ಭಾನುವಾರ ಐದು ಎಂದು ಓದಿದರೆ ವರ್ಷದೊಳಗೆ ಮುಗಿಯುತ್ತದೆ. ಕೇಳಲು ಸುಲಭ. ಹಾಗೆ ಓದುತ್ತ ಹೋದವರು ಜನವರಿ ಮೂರನೆಯ ವಾರದ ಕೊನೆಗೆ ಎರಡನೆಯ ಪುಸ್ತಕವಾದ ವಿಮೋಚನಕಾಂಡದ 20ನೇ ಅಧ್ಯಾಯ, ಅಂದರೆ ದಶಾಜ್ಞೆಗಳನ್ನು ಮುಟ್ಟುತ್ತಾರೆ. ಅಲ್ಲಿಯವರೆಗೆ ಅಬ್ರಹಾಮ, ಯೋಸೇಫ, ಕೆಂಪು ಸಮುದ್ರ, ಎಲ್ಲವೂ ಕಥೆ, ಓದಿಸಿಕೊಂಡು ಹೋಗುತ್ತದೆ. ಅಲ್ಲಿಂದ ಮುಂದೆ ಆರಾಧನೆಯ ಗುಡಾರದ ಹಲಗೆ, ಕೊಂಡಿ, ಪರದೆಗಳ ಅಳತೆ ಶುರು. ಜನವರಿ ಮುಗಿಯುವ ಹೊತ್ತಿಗೆ ಯಾಜಕಕಾಂಡ ಬಾಗಿಲಲ್ಲಿ ನಿಂತಿರುತ್ತದೆ: 27 ಅಧ್ಯಾಯ, ಯಜ್ಞ, ಕೊಬ್ಬು, ಚರ್ಮರೋಗ, ಬಟ್ಟೆಯ ಬೂಷ್ಟು. ಅದು ಕಳೆದರೆ ಅರಣ್ಯಕಾಂಡದ ಜನಗಣತಿ. ಇಷ್ಟರಲ್ಲಿ ಮನೆಯಲ್ಲಿ ಯಾರಿಗೋ ಜ್ವರ ಬಂದು ಎರಡು ದಿನ ತಪ್ಪಿತೆನ್ನಿ, ಮೂರನೆಯ ದಿನ ಒಂಬತ್ತು ಅಧ್ಯಾಯದ ಸಾಲ ಹೊತ್ತು ಕೂರಬೇಕು. ಅಲ್ಲಿಗೆ ಓದು ಮುಗಿದಂತೆ. ತಾರೀಕು ಹಾಕಿದ ಓದಿನ ಪಟ್ಟಿಯಲ್ಲಿ ದೊಡ್ಡ ದೋಷ ಇದೇ. ತಪ್ಪಿದ ದಿನ ಅದರಲ್ಲಿ ಸಾಲವಾಗಿ ನಿಲ್ಲುತ್ತದೆ. ಸಾಲ ಇರುವ ಮನೆಗೆ ಯಾರೂ ಖುಷಿಯಿಂದ ಹೋಗುವುದಿಲ್ಲ.

ಸ್ಕಾಟ್ಲೆಂಡಿನ ಡಂಡಿ ಊರಿನ ಸಭಾಪಾಲಕ ರಾಬರ್ಟ್ ಮರ್ರೆ ಮೆಕ್‌ಶೇನ್ 1842ರಲ್ಲಿ ತನ್ನ ಸಭೆಯವರಿಗಾಗಿ ಮಾಡಿದ ಪಟ್ಟಿ ಇಂದಿಗೂ ಬಳಕೆಯಲ್ಲಿದೆ. ದಿನಕ್ಕೆ ನಾಲ್ಕು ಅಧ್ಯಾಯ. ವರ್ಷದಲ್ಲಿ ಹೊಸ ಒಡಂಬಡಿಕೆಯೂ ಕೀರ್ತನೆಗಳೂ ಎರಡು ಸಲ, ಉಳಿದದ್ದು ಒಂದು ಸಲ. ಓದಿ ಪಳಗಿದವರಿಗೆ ಅದು ಒಳ್ಳೆಯ ಪಟ್ಟಿ. ಮೊದಲ ಸಲ ಕೂರುವವರಿಗೆ ಅದನ್ನು ಕೊಡುವುದು ಈಜು ಕಲಿಯುವವರನ್ನು ತುಂಬಿದ ಹೊಳೆಗೆ ಇಳಿಸಿದಂತೆ.

ಹೊಸಬರು ಮಾರ್ಕನ ಸುವಾರ್ತೆಯಿಂದ ಶುರುಮಾಡಲಿ. ಯೇಸುವಿನ ಬದುಕನ್ನು ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಚಿಕ್ಕದು, 16 ಅಧ್ಯಾಯ. ಮೊದಲು ಒಂದು ಭಾನುವಾರ ಮಧ್ಯಾಹ್ನ ಕೂತು ಇಡೀ ಪುಸ್ತಕವನ್ನು ಒಂದೇ ಗುಕ್ಕಿನಲ್ಲಿ ಓದಿಬಿಡಿ. ಗಟ್ಟಿಯಾಗಿ ಓದಿದರೂ ಸುಮಾರು ಎರಡು ಗಂಟೆ. ಆ ದಿನ ಏನನ್ನೂ ಬರೆಯಬೇಡಿ, ಗುರುತೂ ಹಾಕಬೇಡಿ. ಊರಿನ ನಕ್ಷೆ ತಲೆಯಲ್ಲಿ ಕೂತರೆ ಸಾಕು: ಗಲಿಲಾಯದಲ್ಲಿ ಶುರು, 8ನೇ ಅಧ್ಯಾಯದ ಹೊತ್ತಿಗೆ ತಿರುವು, 11ರಿಂದ ಯೆರೂಸಲೇಮಿನ ಕೊನೆಯ ವಾರ. ಮರುದಿನದಿಂದ ದಿನಕ್ಕೊಂದು ಭಾಗ. ನಮ್ಮ ಮುದ್ರಣಗಳಲ್ಲಿ ಉಪಶೀರ್ಷಿಕೆಗಳಿರುತ್ತವೆ. ಒಂದು ಉಪಶೀರ್ಷಿಕೆಯಿಂದ ಇನ್ನೊಂದರವರೆಗೆ 10ರಿಂದ 20 ವಚನ. ವಾರಕ್ಕೆ ಐದಾರು ದಿನ ಕೂತರೆ ಎರಡು ತಿಂಗಳಲ್ಲಿ ಮಾರ್ಕ ಕೈಸೇರುತ್ತಾನೆ.

ಎಷ್ಟು ಹೊತ್ತು? 25 ನಿಮಿಷ ಸಾಕು. ಎರಡು ನಿಮಿಷ ಸುಮ್ಮನೆ ಕೂತು ಪ್ರಾರ್ಥನೆ. ಎಂಟು ನಿಮಿಷ ಆ ದಿನದ ಭಾಗವನ್ನು ಎರಡು ಸಲ ಓದುವುದು, ಒಂದು ಸಲವಾದರೂ ಬಾಯಿಬಿಟ್ಟು. ಹತ್ತು ನಿಮಿಷ ಬರೆಯುವುದು. ಉಳಿದ ಐದು ನಿಮಿಷ, ಓದಿದ್ದನ್ನೇ ಹಿಡಿದು ಪ್ರಾರ್ಥನೆ. ಗಂಟೆಗಟ್ಟಲೆ ಕೂರುವ ಆಸೆ ಮೊದಲ ವಾರ ಬಂದೇ ಬರುತ್ತದೆ, ಅದನ್ನು ತಡೆದುಕೊಳ್ಳಿ. ಇಂದು ಒಂದೂವರೆ ಗಂಟೆ ಕೂತವರಿಗೆ ನಾಳೆಯ 25 ನಿಮಿಷ ಚಿಕ್ಕದೆನಿಸುತ್ತದೆ, ನಾಡಿದ್ದು ಬಿಡುವಿಲ್ಲವೆಂದು ಪೂರ್ತಿ ಬಿಟ್ಟುಹೋಗುತ್ತದೆ.

ಹೊತ್ತನ್ನು ಗಡಿಯಾರಕ್ಕೆ ಕಟ್ಟುವ ಬದಲು ಮನೆಯಲ್ಲಿ ದಿನಾ ತಪ್ಪದೆ ನಡೆಯುವ ಒಂದು ಕೆಲಸಕ್ಕೆ ಕಟ್ಟಿದರೆ ಅಭ್ಯಾಸ ನಿಲ್ಲುತ್ತದೆ. ಬೆಳಗಿನ ಕಾಫಿ ಲೋಟ ಕೆಳಗಿಟ್ಟ ಕೂಡಲೇ ಅಂತಲೋ, ಮಕ್ಕಳ ಸ್ಕೂಲ್ ವ್ಯಾನ್ ಹೋದ ಮೇಲೆ ಅಂತಲೋ, ರಾತ್ರಿ ಪಾಳಿ ಮುಗಿಸಿ ಬಂದು ಕೈಕಾಲು ತೊಳೆದ ಮೇಲೆ ಅಂತಲೋ ಗೊತ್ತುಮಾಡಿಕೊಳ್ಳಿ. ಬೆಳಿಗ್ಗೆ ನಾಲ್ಕಕ್ಕೇ ಏಳಬೇಕೆಂಬ ಕಟ್ಟಳೆ ಸತ್ಯವೇದದಲ್ಲಿ ಎಲ್ಲೂ ಇಲ್ಲ. ಮನೆಮಂದಿಯೆಲ್ಲ ಹೊರಟ ಮೇಲೆ ಹತ್ತು ಗಂಟೆಗೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಓದುವ ತಾಯಂದಿರ ಓದು ಯಾವುದಕ್ಕೂ ಕಡಿಮೆಯಲ್ಲ. ಒಂದು ಮಾತು ಮಾತ್ರ ಖಂಡಿತ: ಫೋನ್ ನೋಡುವ ಮೊದಲು ಓದು. ವಾಟ್ಸ್‌ಆ್ಯಪ್ ತೆರೆದ ಮೇಲೆ 25 ನಿಮಿಷ ಎಲ್ಲಿಂದಲೂ ಸಿಗುವುದಿಲ್ಲ.

ಪುಸ್ತಕ ಎಲ್ಲಿರುತ್ತದೆ ಎಂಬುದೂ ಮುಖ್ಯ. ನಮ್ಮ ಮನೆಗಳಲ್ಲಿ ಸತ್ಯವೇದ ಜಿಪ್ ಕವರಿನೊಳಗೆ ಇರುತ್ತದೆ; ಕವರು ಚೀಲದೊಳಗೆ, ಚೀಲ ಗೂಟದ ಮೇಲೆ, ಭಾನುವಾರ ಕೆಳಗಿಳಿಯುತ್ತದೆ. ಗೌರವದಿಂದಲೇ ಹಾಗೆ ಇಡುವುದು, ಅರ್ಥವಾಗುತ್ತದೆ. ಆದರೆ ಚೀಲ, ಕವರು, ಜಿಪ್ ಎಂಬ ಮೂರು ತಡೆ ದಾಟಬೇಕಾದಾಗ ಆಯಾಸಗೊಂಡ ಮನಸ್ಸು ನಾಳೆ ನೋಡೋಣ ಎನ್ನುತ್ತದೆ. ಹಿಂದಿನ ರಾತ್ರಿಯೇ ಮರುದಿನದ ಪುಟ ತೆರೆದು, ರಿಬ್ಬನ್ ಹಾಕಿ, ಪೆನ್ಸಿಲ್, ನೋಟ್‌ಬುಕ್ ಸಮೇತ ಮೇಜಿನ ಮೇಲೆ ಇಡಿ. ಪೆನ್ಸಿಲ್ ಎಂದೆ, ಪೆನ್ನಲ್ಲ. ಬೈಬಲ್ ಕಾಗದ ಈರುಳ್ಳಿ ಸಿಪ್ಪೆಯಷ್ಟು ತೆಳು. ಜೆಲ್ ಪೆನ್ನೂ ಹೈಲೈಟರೂ ಹಿಂದಿನ ಪುಟಕ್ಕೆ ಇಳಿಯುತ್ತವೆ. ಚೂಪು ಮಾಡಿದ ಗಟ್ಟಿ ಪೆನ್ಸಿಲ್ ಕಾಗದ ಹರಿಯುತ್ತದೆ. ಸ್ವಲ್ಪ ಮೊಂಡಾದ ಎಚ್‌ಬಿ ಪೆನ್ಸಿಲ್ ಒಳ್ಳೆಯದು, ಬಣ್ಣದ ಪೆನ್ಸಿಲ್ಲೂ ಆದೀತು.

ನೋಟ್‌ಬುಕ್ಕಿನಲ್ಲಿ ಏನು ಬರೆಯಬೇಕು ಎಂಬಲ್ಲಿ ಹೆಚ್ಚಿನವರು ಎಡವುತ್ತಾರೆ. ಎರಡು ವಚನ ಓದಿದ ಕೂಡಲೇ "ದೇವರು ಇವತ್ತು ನನಗೆ ಏನು ಹೇಳುತ್ತಿದ್ದಾರೆ?" ಎಂದು ಕೇಳುವ ರೂಢಿ ನಮ್ಮಲ್ಲಿ ಬೇರೂರಿದೆ. ಆ ಪ್ರಶ್ನೆ ಬೇಕೇ ಬೇಕು, ಆದರೆ ಕೊನೆಯಲ್ಲಿ. ಎಡಪುಟದಲ್ಲಿ ಬರೀ ಕಂಡದ್ದನ್ನು ಬರೆಯಿರಿ: ಯಾರು ಯಾರೊಂದಿಗೆ ಮಾತಾಡುತ್ತಿದ್ದಾರೆ, ಎಲ್ಲಿ, ಇದಕ್ಕೆ ಮೊದಲು ಏನಾಯಿತು, ಯಾವ ಮಾತು ಮತ್ತೆ ಮತ್ತೆ ಬಂತು, ಯಾವುದು ವಿಚಿತ್ರವೆನಿಸಿತು. ಬಲಪುಟವನ್ನು ಎರಡು ಭಾಗ ಮಾಡಿ. ಮೇಲ್ಭಾಗದಲ್ಲಿ ಅಂದು ಕೇಳಿಸಿಕೊಂಡವರಿಗೆ ಅದರ ಅರ್ಥವೇನಿದ್ದೀತು ಎಂದು, ಕೆಳಭಾಗದಲ್ಲಿ ನನಗೇನು ಎಂದು ಎರಡೇ ಸಾಲು. ಎಡಪುಟ ಖಾಲಿಯಿದ್ದು ಬಲಪುಟದ ಕೆಳಭಾಗ ತುಂಬಿದ್ದರೆ, ಓದಿದ್ದು ಸತ್ಯವೇದವನ್ನಲ್ಲ, ನಮ್ಮ ಮನಸ್ಸನ್ನೇ.

ಒಂದು ಭಾಗವನ್ನು ಹತ್ತಿರದಿಂದ ನೋಡಿದರೆ ಇದು ತಿಳಿಯುತ್ತದೆ. ಮಾರ್ಕ 5ನೇ ಅಧ್ಯಾಯ, 21ರಿಂದ 43. ಸಭಾಮಂದಿರದ ಅಧಿಕಾರಿ ಯಾಯೀರ ಬಂದು ಯೇಸುವಿನ ಪಾದಕ್ಕೆ ಬೀಳುತ್ತಾನೆ: ನನ್ನ ಚಿಕ್ಕ ಮಗಳು ಸಾಯುತ್ತಿದ್ದಾಳೆ, ಬಾ. ಹೊರಟ ದಾರಿಯಲ್ಲಿ ಜನಜಂಗುಳಿ. ಅದರ ನಡುವೆ ಒಬ್ಬ ಹೆಂಗಸು ಹಿಂದಿನಿಂದ ಬಂದು ಬಟ್ಟೆ ಮುಟ್ಟುತ್ತಾಳೆ. ಹಳೆಯ ಭಾಷಾಂತರ ಆಕೆಯ ಕಾಯಿಲೆಯನ್ನು ರಕ್ತಕುಸುಮರೋಗ ಎನ್ನುತ್ತದೆ. ಹನ್ನೆರಡು ವರ್ಷದ ರಕ್ತಸ್ರಾವ. ಒಂದು ಕಥೆಯನ್ನು ಸೀಳಿ ನಡುವೆ ಇನ್ನೊಂದನ್ನು ಇಟ್ಟಿದ್ದಾನೆ ಮಾರ್ಕ. ಯಾಕೆ? ಎಡಪುಟ ತುಂಬಿಸುತ್ತ ಹೋದರೆ ಕಾಣುತ್ತದೆ. ಹೆಂಗಸಿನ ಕಾಯಿಲೆಗೆ ಹನ್ನೆರಡು ವರ್ಷ. ಹುಡುಗಿಯ ವಯಸ್ಸೂ ಹನ್ನೆರಡು, ಅದನ್ನು ಕೊನೆಯಲ್ಲಿ, 42ನೇ ವಚನದಲ್ಲಿ ಹೇಳುತ್ತಾನೆ. ಆ ಮಗು ಹುಟ್ಟಿದ ವರ್ಷದಿಂದ ಈ ಹೆಂಗಸು ನರಳುತ್ತಿದ್ದಳು. ಯಾಯೀರ ಹೆಸರಿರುವ ಗಂಡಸು, ಎದುರಿಗೆ ಬಂದು ಕೇಳುತ್ತಾನೆ. ಆಕೆಗೆ ಹೆಸರಿಲ್ಲ, ಹಿಂದಿನಿಂದ ಬರುತ್ತಾಳೆ. 33ನೇ ವಚನದಲ್ಲಿ ಆಕೆ ಹೆದರಿ ನಡುಗುತ್ತಾಳೆ; 36ರಲ್ಲಿ ಯಾಯೀರನಿಗೆ ಹೆದರಬೇಡ ಎಂಬ ಮಾತು. 34ರಲ್ಲಿ ಆಕೆಯ ನಂಬಿಕೆ. 36ರಲ್ಲಿ ಅವನಿಗೆ ನಂಬು ಎಂಬ ಕರೆ. ಎಲ್ಲಕ್ಕಿಂತ ಮಿಗಿಲಾಗಿ, 34ರಲ್ಲಿ ಯೇಸು ಆಕೆಯನ್ನು ಮಗಳೇ ಎಂದು ಕರೆಯುತ್ತಾನೆ. ಆ ಮಾತು ಬಾಯಲ್ಲಿರುವಾಗಲೇ, 35ರಲ್ಲಿ, ಯಾಯೀರನ ಮನೆಯಿಂದ ಜನ ಬಂದು ನಿನ್ನ ಮಗಳು ತೀರಿಹೋದಳು ಎನ್ನುತ್ತಾರೆ. ಒಬ್ಬ ಮಗಳು ಸಿಕ್ಕ ಗಳಿಗೆಯಲ್ಲೇ ಇನ್ನೊಬ್ಬ ಮಗಳು ಹೋದ ಸುದ್ದಿ. ಅಷ್ಟು ಹೊತ್ತು ಕಾದು ನಿಂತ ತಂದೆಯ ಮುಖ ಹೇಗಿದ್ದೀತು ಎಂಬುದನ್ನು ಮಾರ್ಕ ಹೇಳುವುದಿಲ್ಲ. ಎರಡು ಸಲ ನಿಧಾನವಾಗಿ ಓದಿದವರಿಗೆ ಮಾತ್ರ ಆ ಸ್ಥಳ ಎದೆಗೆ ತಾಗುತ್ತದೆ.

ಇನ್ನು ಬಲಪುಟದ ಮೇಲ್ಭಾಗ. ಇಲ್ಲಿ ಅಂಚಿನಲ್ಲಿರುವ ಅಡ್ಡ ಉಲ್ಲೇಖಗಳು ಕೈಹಿಡಿಯುತ್ತವೆ. ಯಾಜಕಕಾಂಡ 15ರ 25ರಿಂದ 27 ತೆರೆದು ನೋಡಿ: ಹೀಗೆ ಸ್ರಾವವಿರುವ ಹೆಂಗಸು ಅಶುದ್ಧಳು, ಅವಳ ಹಾಸಿಗೆ, ಅವಳು ಕೂತ ವಸ್ತು ಮುಟ್ಟಿದವರೂ ಬಟ್ಟೆ ಒಗೆದು ಸ್ನಾನ ಮಾಡಿ ಸಂಜೆಯವರೆಗೆ ಅಶುದ್ಧರು. ಅಂಥವಳು ಜನಜಂಗುಳಿಯಲ್ಲಿ ನುಗ್ಗಿ ಬಂದಳು ಎಂದರೆ ಎಷ್ಟು ದಿಟ್ಟತನ, ಸಿಕ್ಕಿಬಿದ್ದಾಗ ನಡುಗಿದ್ದು ಯಾಕೆ ಎಂಬುದು ಆಗ ತಿಳಿಯುತ್ತದೆ. ಮುಟ್ಟು, ಮೈಲಿಗೆ ಎಂದರೇನೆಂದು ಗೊತ್ತಿರುವ ನಮ್ಮ ನಾಡಿನ ಓದುಗರಿಗೆ ಇದನ್ನು ಯಾರೂ ಬೇರೆ ವಿವರಿಸಬೇಕಾಗಿಲ್ಲ. ಫೆಬ್ರುವರಿಯಲ್ಲಿ ಬೇಸರ ತರಿಸಿದ ಯಾಜಕಕಾಂಡ ಇಲ್ಲಿ ಬೆಳಕು ಚೆಲ್ಲುತ್ತದೆ. ಇದೇ ಕಥೆ ಮತ್ತಾಯ 9ರ 18ರಿಂದ 26, ಲೂಕ 8ರ 40ರಿಂದ 56ರಲ್ಲೂ ಇದೆ. ಮಾರ್ಕನಿಗೆ 23 ವಚನ, ಲೂಕನಿಗೆ 17, ಮತ್ತಾಯನಿಗೆ ಒಂಬತ್ತೇ. ಯಾರು ಏನು ಬಿಟ್ಟರು, ಏನು ಉಳಿಸಿಕೊಂಡರು ಎಂದು ಒಂದು ಸಂಜೆ ಕೂತು ಹೋಲಿಸಿದರೆ ಮೂವರ ದನಿಯೂ ಬೇರೆಬೇರೆಯಾಗಿ ಕೇಳಿಸುತ್ತದೆ.

ಈಗ ವಾಗ್ದಾನದ ಕಾರ್ಡಿಗೆ ಬರುತ್ತೇನೆ. ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಎಷ್ಟೋ ಜನರಿಗೆ ಕಷ್ಟದಲ್ಲಿ ಅದೇ ಊರುಗೋಲು. ಆದರೆ ಕಾರ್ಡಿನ ವಚನವನ್ನು ಅದರ ಮನೆಗೆ ಕರೆದೊಯ್ದು ಓದಬೇಕು. ಹೆಚ್ಚು ಸಲ ಅಚ್ಚಾಗುವ ವಚನಗಳಲ್ಲೊಂದು ಯೆರೆಮೀಯ 29:11, ದೇವರಿಗೆ ನಿಮ್ಮ ಬಗ್ಗೆ ಇರುವುದು ಹಿತದ ಆಲೋಚನೆಗಳೇ, ನಿಮಗೆ ನಿರೀಕ್ಷೆ ಉಂಟು ಎಂಬ ಅರ್ಥದ ಮಾತು. ಅದು ಪ್ರವಾದಿ ಯೆರೆಮೀಯ ಬರೆದ ಒಂದು ಪತ್ರದ ನಡುವಿನ ಸಾಲು. ಪತ್ರ ಹೋದದ್ದು ಕ್ರಿ.ಪೂ. 597ರಲ್ಲಿ ಬಾಬಿಲೋನಿಗೆ ಸೆರೆಹೋದವರಿಗೆ. ಹಿಂದಿನ ಅಧ್ಯಾಯದಲ್ಲಿ ಹನನ್ಯನೆಂಬ ಪ್ರವಾದಿ ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಸಾರಿದ್ದ, ಜನಕ್ಕೆ ಹಿತವಾಗಿತ್ತು. ಯೆರೆಮೀಯ ಬರೆದದ್ದು ಬೇರೆ: ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ಆ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ, 70 ವರ್ಷ ಆಗಲಿ, ಆಮೇಲೆ ಕರೆತರುತ್ತೇನೆ. ಅಂದರೆ ಆ ಪತ್ರ ಕೇಳಿದ ಹಿರಿಯರಲ್ಲಿ ಹೆಚ್ಚಿನವರು ಊರು ಕಾಣದೆ ಪರದೇಶದಲ್ಲೇ ಕಣ್ಣುಮುಚ್ಚಿದರು. ಇಷ್ಟು ತಿಳಿದ ಮೇಲೆ ಆ ವಚನದ ಬಲ ಕುಗ್ಗುವುದಿಲ್ಲ, ಹೆಚ್ಚುತ್ತದೆ. ಪರೀಕ್ಷೆಯ ಹಿಂದಿನ ದಿನ ಹಚ್ಚುವ ಮುಲಾಮಿನಂತೆ ಮಾತ್ರ ಅದು ಉಳಿಯುವುದಿಲ್ಲ. ಫಿಲಿಪ್ಪಿ 4:13ಕ್ಕೂ ಇದೇ ಗತಿ. ನನ್ನನ್ನು ಬಲಪಡಿಸುವಾತನಿಂದ ಎಲ್ಲಕ್ಕೂ ಶಕ್ತನು ಎಂದು ಅಪೊಸ್ತಲ ಪೌಲ ಫಿಲಿಪ್ಪಿ ಊರಿನ ಸಭೆಗೆ ಬರೆದದ್ದು ಸೆರೆಯಲ್ಲಿ ಕೂತು. ಅದರ ಹಿಂದಿನ ಎರಡು ವಚನಗಳಲ್ಲಿ ಹೇಳುತ್ತಿರುವುದು ಹೊಟ್ಟೆ ತುಂಬಿದಾಗಲೂ ಹಸಿದಾಗಲೂ ತೃಪ್ತನಾಗಿರಲು ಕಲಿತೆ ಎಂದು. ಗೆಲ್ಲುವ ಶಕ್ತಿಗಿಂತ ತಾಳುವ ಶಕ್ತಿಯ ಮಾತು ಅದು. ಕಾರ್ಡು ಸಿಕ್ಕವರು ಆ ವಾರ ಆ ಇಡೀ ಅಧ್ಯಾಯ ಓದಲಿ. ಆಗಬಹುದಾದರೆ ಇಡೀ ಫಿಲಿಪ್ಪಿ ಪತ್ರಿಕೆ, 104 ವಚನ, ಇಪ್ಪತ್ತು ನಿಮಿಷದ ಓದು.

ಕನ್ನಡದಲ್ಲಿ ಓದುವವರಿಗೆ ಮಾತ್ರ ಎದುರಾಗುವ ಕೆಲವು ತೊಡಕುಗಳನ್ನೂ ಹೇಳಬೇಕು. 19ನೇ ಶತಮಾನದ ಮೊದಲ ದಶಕಗಳಲ್ಲಿ ಬಳ್ಳಾರಿಯಲ್ಲಿ ಕೂತು ಮಿಷನರಿ ಜಾನ್ ಹ್ಯಾಂಡ್ಸ್ ಸತ್ಯವೇದವನ್ನು ಕನ್ನಡಕ್ಕೆ ತಂದ ಕಾಲದಿಂದಲೂ ಭಾಷಾಂತರಕಾರರು ನಮ್ಮಲ್ಲಿ ಆಗಲೇ ಬಳಕೆಯಲ್ಲಿದ್ದ ಮಾತುಗಳನ್ನು ಎತ್ತಿಕೊಂಡು ಅವಕ್ಕೆ ಹೊಸ ಅರ್ಥ ತುಂಬಬೇಕಾಯಿತು. ಹಾಗಾಗಿ ಪರಿಚಿತವೆನಿಸುವ ಪದವೇ ದಾರಿ ತಪ್ಪಿಸುತ್ತದೆ. ಹಳೆಯ ಭಾಷಾಂತರದಲ್ಲಿ ಶಾಸ್ತ್ರಿಗಳು ಎಂದರೆ ಪೂಜೆ ಮಾಡಿಸುವವರಲ್ಲ, ಮೋಶೆಯ ಧರ್ಮಶಾಸ್ತ್ರವನ್ನು ನಕಲು ಮಾಡಿ, ತಿಳಿದು, ಬೋಧಿಸುವ ವಿದ್ವಾಂಸರು. ಧರ್ಮಶಾಸ್ತ್ರ ಎಂಬುದು ಇಬ್ರಿಯರ ತೋರಾ, ಮೋಶೆಯ ಮೂಲಕ ಬಂದ ದೇವರ ಕಟ್ಟಳೆ. ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ಪುಟಪುಟಕ್ಕೂ ಬರುವ ನೀತಿಯನ್ನು ನೀತಿಕಥೆಯ ನೀತಿ ಎಂದುಕೊಂಡರೆ ಪೌಲನ ವಾದವೇ ಕೈಜಾರುತ್ತದೆ. ಅದು ದೇವರ ಮುಂದೆ ಸರಿಯಾಗಿ ನಿಲ್ಲುವ ಸಂಬಂಧದ ಮಾತು. ಇಂಥ ಪದಗಳಿಗೆ ನೋಟ್‌ಬುಕ್ಕಿನ ಕೊನೆಯ ಹತ್ತು ಪುಟ ಮೀಸಲಿಡಿ. ಹಳೆಯ ಪದ ಸಿಕ್ಕಾಗ 1894ರ ಕಿಟ್ಟೆಲ್ ನಿಘಂಟು ಇಂದಿಗೂ ನೆರವಾಗುತ್ತದೆ.

ಧ್ಯಾನ ಎಂಬ ಪದವನ್ನು ಬೇರೆಯಾಗಿಯೇ ಹೇಳಬೇಕು. ಮೊದಲನೆಯ ಕೀರ್ತನೆಯ ಎರಡನೆಯ ವಚನ ಹಗಲಿರುಳು ಧರ್ಮಶಾಸ್ತ್ರವನ್ನು ಧ್ಯಾನಿಸುವವನು ಧನ್ಯನು ಎನ್ನುತ್ತದೆ. ಧ್ಯಾನವೆಂದರೆ ಕಣ್ಣುಮುಚ್ಚಿ ಬಾಯಿಮುಚ್ಚಿ ಕೂರುವುದು ಎಂದು ನಮಗೆ ತೋರುತ್ತದೆ. ಅಲ್ಲಿರುವ ಇಬ್ರಿಯ, ಅಂದರೆ ಹೀಬ್ರೂ, ಕ್ರಿಯಾಪದ ಹಾಗಾ. ಅದರ ಅರ್ಥ ಮೆಲುದನಿಯಲ್ಲಿ ಉಸುರುವುದು, ಗುನುಗುವುದು. ಯೆಶಾಯ 31:4ರಲ್ಲಿ ಬೇಟೆಯ ಮೇಲೆ ಗುರುಗುಟ್ಟುವ ಸಿಂಹಕ್ಕೂ 38:14ರಲ್ಲಿ ಮುಲುಗುವ ಪಾರಿವಾಳಕ್ಕೂ ಅದೇ ಪದ. ಸತ್ಯವೇದ ಹೇಳುವ ಧ್ಯಾನಕ್ಕೆ ತುಟಿ ಅಲ್ಲಾಡಬೇಕು. ಬಾಯಿಬಿಟ್ಟು ಓದಿ ಎಂದು ಮೇಲೆ ಹೇಳಿದ್ದು ಇದಕ್ಕೇ. ಹಾಗೆ ಓದುವಾಗ ಕಣ್ಣು ಸಾಲು ಹಾರುವುದಿಲ್ಲ, ಬೆಳಿಗ್ಗೆ ಓದಿದ ಸಾಲು ಸಂಜೆಯವರೆಗೆ ನಾಲಿಗೆಯ ಮೇಲೆ ಉಳಿಯುತ್ತದೆ. ಸಂಡೇ ಸ್ಕೂಲಿನ ಬಾಯಿಪಾಠ ವಚನವನ್ನು ದೊಡ್ಡವರೂ ಬಿಡಬಾರದು. ವಾರಕ್ಕೊಂದು, ಅದೂ ಆ ವಾರ ಓದುತ್ತಿರುವ ಭಾಗದ್ದೇ ಆಗಲಿ. ಕೊಂಕಣಿ, ತುಳು, ತಮಿಳು, ತೆಲುಗು ಮನೆಮಾತಿನವರು ತಾವು ಪ್ರಾರ್ಥನೆ ಮಾಡುವ ಭಾಷೆಯಲ್ಲೇ ಓದುವುದು ಮೇಲು. ಅರ್ಥವಾಗದ ವಚನ ಬಂದಾಗ ಎರಡನೆಯ ಭಾಷಾಂತರ ಪಕ್ಕಕ್ಕಿಟ್ಟುಕೊಳ್ಳಿ. ಒಂದರಲ್ಲಿ ಯೆಹೋವ ಎಂದಿರುವಲ್ಲಿ ಇನ್ನೊಂದರಲ್ಲಿ ಸರ್ವೇಶ್ವರ, ಒಂದರ ಸುವಾರ್ತೆ ಇನ್ನೊಂದರಲ್ಲಿ ಶುಭಸಂದೇಶ. ಗಾಬರಿಯಾಗುವುದು ಬೇಡ, ಮೂಲ ಒಂದೇ.

ಅಧ್ಯಾಯದ ಗೆರೆಗಳನ್ನೂ ಪೂರ್ತಿ ನಂಬಬಾರದು. ಅಧ್ಯಾಯ ವಿಂಗಡಿಸಿದ್ದು 13ನೇ ಶತಮಾನದ ಆರಂಭದಲ್ಲಿ ಸ್ಟೀಫನ್ ಲ್ಯಾಂಗ್ಟನ್ ಎಂಬ ಇಂಗ್ಲಿಷ್ ಧರ್ಮಪಂಡಿತ. ಹೊಸ ಒಡಂಬಡಿಕೆಗೆ ಈಗಿನ ವಚನ ಸಂಖ್ಯೆ ಹಾಕಿದ್ದು 1551ರಲ್ಲಿ ರಾಬರ್ಟ್ ಎಸ್ತಿಯೆನ್ ಎಂಬ ಮುದ್ರಕ. ಬರೆದವರು ಹಾಕಿದ್ದಲ್ಲ. ಯೆಶಾಯ 53 ಎಂದು ನಾವು ಶುಭ ಶುಕ್ರವಾರ ಓದುವ ಭಾಗ ನಿಜಕ್ಕೂ 52:13ರಲ್ಲೇ ಶುರುವಾಗುತ್ತದೆ. 53:1ರಿಂದ ತೆರೆದವರಿಗೆ ಮೊದಲ ಮೂರು ವಚನ ತಪ್ಪಿಹೋಗುತ್ತವೆ.

ಪ್ರತಿ ಪುಸ್ತಕಕ್ಕೂ ಒಂದು ಜಾತಿಯಿದೆ, ಅದರಂತೆ ಓದಬೇಕು. ಜ್ಞಾನೋಕ್ತಿ ಗಾದೆಯ ಜಾತಿ. 26:4 ಮೂಢನಿಗೆ ಅವನ ಮೂಢತನದಂತೆ ಉತ್ತರ ಕೊಡಬೇಡ ಎನ್ನುತ್ತದೆ, 26:5 ಕೊಡು ಎನ್ನುತ್ತದೆ. ಬೇಕೆಂದೇ ಪಕ್ಕಪಕ್ಕದಲ್ಲಿ ಇಟ್ಟದ್ದು, ಸಂದರ್ಭ ನೋಡಿ ಆರಿಸಿಕೊಳ್ಳಲಿ ಎಂದು. ಗಾದೆಯನ್ನು ವಾಗ್ದಾನವೆಂದು ಹಿಡಿದು, ಅದು ನಡೆಯದಿದ್ದಾಗ ನಂಬಿಕೆಯನ್ನೇ ಕಳೆದುಕೊಳ್ಳುವವರಿದ್ದಾರೆ. ಅದು ಓದಿನ ತಪ್ಪು. ಕೀರ್ತನೆಗಳಲ್ಲಿ ಸ್ತುತಿಯಷ್ಟೇ ಗೋಳೂ ಇದೆ; 88ನೇ ಕೀರ್ತನೆ ಕತ್ತಲೆ ಎಂಬಲ್ಲಿಗೆ ಮುಗಿಯುತ್ತದೆ, ಸಮಾಧಾನದ ಸಾಲೇ ಇಲ್ಲ. ದುಃಖದಲ್ಲಿರುವವರಿಗೆ ಅದನ್ನು ಬಿಟ್ಟು ಸಮಾಧಾನದ 23ನ್ನು ಮಾತ್ರ ಓದಿಸುವುದು ಅನ್ಯಾಯ. ಕೊನೆಯ ಪುಸ್ತಕವಾದ ಪ್ರಕಟನೆಯನ್ನು ಮೊದಲ ವರ್ಷ ಮುಟ್ಟದಿರುವುದೇ ಒಳ್ಳೆಯದು. ದಾನಿಯೇಲ, ಯೆಹೆಜ್ಕೇಲ, ಜೆಕರ್ಯ ಓದದವರ ಕೈಗೆ ಅದು ಸಿಕ್ಕರೆ ಆ ದಿನದ ಪತ್ರಿಕೆಯ ಸುದ್ದಿಗೆ ಗಂಟುಹಾಕುವ ಕೆಲಸ ಶುರುವಾಗುತ್ತದೆ.

ಮಾರ್ಕ, ಫಿಲಿಪ್ಪಿ ಆದ ಮೇಲೆ ಆದಿಕಾಂಡಕ್ಕೆ ಹೋಗಿ, ಜೊತೆಗೆ ದಿನಕ್ಕೊಂದು ಕೀರ್ತನೆ. ವಿಮೋಚನಕಾಂಡದಲ್ಲಿ ಮೊದಲ ಸುತ್ತಿಗೆ 1ರಿಂದ 20, 24, 32ರಿಂದ 34 ಸಾಕು. ಯಾಜಕಕಾಂಡವನ್ನು ಒಂಟಿಯಾಗಿ ಓದದೆ ಇಬ್ರಿಯರಿಗೆ ಬರೆದ ಪತ್ರಿಕೆಯ ಜೊತೆಗಿಟ್ಟು ಓದಿ. ಯಾಜಕಕಾಂಡ 16ರ ಪಕ್ಕದಲ್ಲಿ ಇಬ್ರಿಯ 9 ತೆರೆದಿಟ್ಟರೆ ಎರಡೂ ಒಂದಕ್ಕೊಂದು ಅರ್ಥ ಹೇಳುತ್ತವೆ. ಹೊಸ ಒಡಂಬಡಿಕೆಯನ್ನಷ್ಟೇ ಒಂದು ವರ್ಷದಲ್ಲಿ ಮುಗಿಸಬೇಕೆನ್ನುವವರಿಗೆ ಒಂದು ಸೊಗಸಾದ ಲೆಕ್ಕವಿದೆ: ವಾರಕ್ಕೆ ಐದು ದಿನ, ದಿನಕ್ಕೊಂದು ಅಧ್ಯಾಯ, 52 ವಾರ, ಸರಿಯಾಗಿ 260. ಶನಿವಾರ, ಭಾನುವಾರ ಖಾಲಿ. ತಪ್ಪಿದ ದಿನಗಳು ಅಲ್ಲಿ ಕೂರುತ್ತವೆ. ಪಟ್ಟಿಯಲ್ಲಿ ತಾರೀಕು ಬರೆಯಬೇಡಿ, ಅಧ್ಯಾಯದ ಸಂಖ್ಯೆ ಬರೆದು ಓದಿದ ಮೇಲೆ ಗೀಟು ಹಾಕಿ. ವಾರವೇ ತಪ್ಪಿದರೂ ನಿಂತಲ್ಲಿಂದ ಮುಂದುವರಿಸಿ, ಎರಡು ಪಾಲು ಓದಲು ಹೋಗಬೇಡಿ.

ಕಥೋಲಿಕರಿಗೆ ದಾರಿ ಆಗಲೇ ಹಾಕಿದೆ. ಭಾನುವಾರದ ಬಲಿಪೂಜೆಯ ವಾಚನಗಳು ಮೂರು ವರ್ಷದ ಸುತ್ತು: ಒಂದು ವರ್ಷ ಮತ್ತಾಯ, ಮರುವರ್ಷ ಮಾರ್ಕ, ಆಮೇಲೆ ಲೂಕ. ಶನಿವಾರ ಸಂಜೆಯೇ ಮರುದಿನದ ಶುಭಸಂದೇಶವನ್ನು, ಅದರ ಹಿಂದಿನ ಮುಂದಿನ ಭಾಗದ ಸಮೇತ, ಓದಿಟ್ಟುಕೊಂಡರೆ ಗುರುಗಳ ಪ್ರಬೋಧನೆ ಬೇರೆಯೇ ತೂಕದಲ್ಲಿ ಕೇಳಿಸುತ್ತದೆ. 12ನೇ ಶತಮಾನದ ಗೀಗೋ ಎಂಬ ಸನ್ಯಾಸಿ ಹೇಳಿದ ನಾಲ್ಕು ಮೆಟ್ಟಿಲು, ಅಂದರೆ ಓದು, ಮನನ, ಪ್ರಾರ್ಥನೆ, ದೇವರ ಸನ್ನಿಧಿಯಲ್ಲಿ ಸುಮ್ಮನಿರುವುದು, ಎಲ್ಲ ಸಭೆಯವರಿಗೂ ಒಗ್ಗುತ್ತದೆ. ಪವಿತ್ರ ಗ್ರಂಥದ ಅಜ್ಞಾನ ಎಂದರೆ ಕ್ರಿಸ್ತನ ಅಜ್ಞಾನ ಎಂಬ ಸಂತ ಜೆರೋಮನ ಮಾತನ್ನು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಮತ್ತೆ ನೆನಪಿಸಿತು. ವಿಶ್ವಾಸಿಗಳೆಲ್ಲರ ಕೈಗೆ ಗ್ರಂಥ ಬರಲಿ ಎಂಬುದೇ ಅದರ ಆಶಯ.

ಅರ್ಥವಾಗದ್ದು, ನೋಯಿಸುವಂಥದ್ದು ಬಂದೇ ಬರುತ್ತದೆ. ಒಬ್ಬ ಹೆಂಗಸಿನ ಮೇಲಿನ ಘೋರ ಹಿಂಸೆಯನ್ನು ಹೇಳುವ ನ್ಯಾಯಸ್ಥಾಪಕರು 19 ಓದಿ ಕಳವಳಗೊಳ್ಳದವರಿಲ್ಲ. ಅಂಥಲ್ಲಿ ಪುಟ ಮಗುಚಿ ಮುಂದೆ ಹೋಗಬೇಡಿ, ಸುಳ್ಳು ಸಮಾಧಾನವನ್ನೂ ಕಟ್ಟಿಕೊಳ್ಳಬೇಡಿ. ಪ್ರಶ್ನೆಯನ್ನು ಬರೆದು, ಪಕ್ಕದಲ್ಲಿ ಜಾಗ ಬಿಟ್ಟು, ಸಭಾಪಾಲಕರನ್ನೋ ಗುರುಗಳನ್ನೋ ಕೇಳಿ. ಅಪೊಸ್ತಲರ ಕೃತ್ಯಗಳು 8ರಲ್ಲಿ ರಥದಲ್ಲಿ ಕೂತು ಯೆಶಾಯನನ್ನು ಓದುತ್ತಿದ್ದ ಐಥಿಯೋಪ್ಯದ ಅಧಿಕಾರಿಯನ್ನು ಫಿಲಿಪ್ಪ ಕೇಳಿದ್ದು ಓದಿದ್ದು ತಿಳಿಯಿತೇ ಎಂದು. ಅವನ ಉತ್ತರ, ಯಾರಾದರೂ ತಿಳಿಸಿಕೊಡದೆ ಹೇಗೆ ತಿಳಿದೀತು ಎಂದು. ಕೇಳುವುದರಲ್ಲಿ ನಾಚಿಕೆಯಿಲ್ಲ. ವ್ಯಾಖ್ಯಾನವನ್ನೂ ಯೂಟ್ಯೂಬಿನ ಪ್ರಸಂಗವನ್ನೂ ಮಾತ್ರ ಸ್ವಂತ ಎಡಪುಟ ತುಂಬಿದ ಮೇಲೆ ತೆರೆಯಿರಿ. ಮೊದಲೇ ತೆರೆದರೆ ಅವರು ಕಂಡದ್ದೇ ನಮ್ಮ ಕಣ್ಣಿಗೂ ಕಾಣುತ್ತದೆ. ಗೃಹಕೂಟದಲ್ಲಿ ಇಬ್ಬರಾದರೂ ಒಂದೇ ಪುಸ್ತಕ ಓದುತ್ತಿದ್ದು ವಾರಕ್ಕೊಮ್ಮೆ ಹತ್ತು ನಿಮಿಷ ಫೋನಿನಲ್ಲಿ ಮಾತಾಡಿದರೆ ಅಭ್ಯಾಸಕ್ಕೆ ಅದಕ್ಕಿಂತ ದೊಡ್ಡ ಆಸರೆಯಿಲ್ಲ.

ಕೊನೆಗೆ ಪತ್ರಿಕೆಗೆ ಒಂದು ಬೇಡಿಕೆ. ಕ್ರಿಸ್‌ಮಸ್, ಈಸ್ಟರ್ ಹೊತ್ತಿಗೆ ವಿಶೇಷ ಲೇಖನಗಳಲ್ಲಿ ಬೈಬಲಿನ ಮಾತುಗಳು ಅಚ್ಚಾಗುತ್ತವೆ, ಸಂತೋಷ. ಬಹಳ ಸಲ "ಬೈಬಲ್ ಹೇಳುತ್ತದೆ" ಎಂದಷ್ಟೇ ಇರುತ್ತದೆ. ಯಾವ ಪುಸ್ತಕ, ಎಷ್ಟನೆಯ ಅಧ್ಯಾಯ, ಯಾವ ವಚನ ಎಂಬ ಮೂರು ಅಂಶವನ್ನು ದಯವಿಟ್ಟು ಅಚ್ಚುಮಾಡಿ. ಓದುಗರು ಹುಡುಕಿ ತೆಗೆದು ಹಿಂದುಮುಂದು ನೋಡಬಹುದು. ಲೂಕನ ಸುವಾರ್ತೆಗೆ 24 ಅಧ್ಯಾಯ. ಡಿಸೆಂಬರ್ 1ರಿಂದ ದಿನಕ್ಕೊಂದು ಓದಿದರೆ 24ರ ರಾತ್ರಿಗೆ ಮುಗಿಯುತ್ತದೆ. ಮೊದಲ ಅಧ್ಯಾಯಕ್ಕೇ 80 ವಚನಗಳಿವೆ, ಅದನ್ನು ಬೆಳಿಗ್ಗೆ ಅರ್ಧ, ಸಂಜೆ ಅರ್ಧ ಓದಬೇಕಾದೀತು. ನವೆಂಬರ್ 30ರ ಸಂಚಿಕೆಯ ಒಂದು ಮೂಲೆಯಲ್ಲಿ ಇಷ್ಟನ್ನೇ, ನಾಲ್ಕು ಸಾಲಿನಲ್ಲಿ, ಹಾಕಿಕೊಡಲು ಸಾಧ್ಯವೇ?

ಇಂತಿ ತಮ್ಮ ವಿಶ್ವಾಸಿ,
ಸತ್ಯವೇದ ಅಧ್ಯಯನ ವರ್ಗದ ಬೋಧಕ
ಹುಬ್ಬಳ್ಳಿ